ಹನ್ನೆರಡು ಸೆಕೆಂಡಿನ ಆಮಂತ್ರಣ

ಇಡೀ ಜಿಲ್ಲೆಗೆ ವಿಜ್ಞಾನ ಕಲಿಸಿಯೇ ತೀರುತ್ತೇನೆಂದು ಕುಮಾರಸ್ವಾಮಿ ಮಾಸ್ತರರು ಪಣ ತೊಟ್ಟಾಗ ಅವರ ಬಾಯಲ್ಲಿ ಹಲ್ಲುಜ್ಜುವ ಬ್ರಶ್ಶಿತ್ತು. ಹೀಗಾಗಿ ಆ ಐತಿಹಾಸಿಕ ಘೋಷಣೆಯ ಅರ್ಧ ಭಾಗ ನೊರೆಯಲ್ಲಿ ಕೊಚ್ಚಿಹೋಯಿತು. ಉಳಿದರ್ಧವನ್ನು ಕೇಳಿಸಿಕೊಂಡ ಹೆಂಡತಿ ರಜನಿ, "ಮೊದಲ ಬಾಯಿ ತೊಳಕೊಳ್ರಿ. ಜಿಲ್ಲಾ ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದಳು.

ಮಾಸ್ತರರು ಬಾಯಿ ತೊಳೆದುಕೊಂಡರು, ಪಣವನ್ನು ಮಾತ್ರ ಬಿಡಲಿಲ್ಲ. ಧಾರವಾಡದ ಒಂದೇ ಪ್ರೌಢಶಾಲೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ವಿಜ್ಞಾನ ಹೇಳುತ್ತ ಬಂದವರು ಅವರು. ನಿವೃತ್ತಿಗೆ ಇನ್ನೈದು ವರ್ಷ. ಆಮ್ಲಜನಕದ ಪರಮಾಣು ಸಂಖ್ಯೆ ಎಂಟು ಎಂದು ಎಂಟು ನೂರು ಸಲ ಹೇಳಿದರೂ ಮರುದಿನ ಕೇಳಿದರೆ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ಕೂರುತ್ತಿದ್ದರು. ಅದೇ ಮಕ್ಕಳು ಮೊಬೈಲಿನಲ್ಲಿ ಬರುವ ಅರ್ಧ ನಿಮಿಷದ ತಮಾಷೆಗಳನ್ನು ಅಕ್ಷರ ತಪ್ಪದೆ, ಕೈಸನ್ನೆ ಸಮೇತ ಒಪ್ಪಿಸುತ್ತಿದ್ದರು. ಉಳಿದ ಶಿಕ್ಷಕರೆಲ್ಲ ಮೊಬೈಲಿಗೆ ಶಾಪ ಹಾಕಿ ಸುಮ್ಮನಾದರು. ಕುಮಾರಸ್ವಾಮಿಯವರು ಮಾತ್ರ, ಮಕ್ಕಳು ಎಲ್ಲಿ ಕೂತಿದ್ದಾರೋ ಪಾಠವೂ ಅಲ್ಲಿಗೇ ಹೋಗಬೇಕೆಂದು ತೀರ್ಮಾನಿಸಿದರು. ಪಣ ದೊಡ್ಡದಾದರೂ ಅದರೊಳಗಿನ ಆಸೆ ಸಣ್ಣದೇ. ನಿವೃತ್ತಿಯಾಗುವುದರೊಳಗೆ, ತಾನು ಹೇಳಿದ್ದು ಯಾರದಾದರೂ ತಲೆಯೊಳಗೆ ಇಳಿದದ್ದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕಿತ್ತು ಅವರಿಗೆ.

ಹೀಗೆ ಜಾಲತಾಣದಲ್ಲಿ 'ಕುಮಾರ ವಿಜ್ಞಾನ' ಅವತರಿಸಿತು. ಒಂದು ಮೊಬೈಲು, ಮೂರು ಕಾಲಿನ ಒಂದು ಸ್ಟ್ಯಾಂಡು, ಇಸ್ತ್ರಿ ಮಾಡಿದ ಒಂದು ಅಂಗಿ. ಪ್ಯಾಂಟು ಚೌಕಟ್ಟಿನೊಳಗೆ ಕಾಣದ ಕಾರಣ ಲುಂಗಿಯಲ್ಲೇ ನಡೆಯುತ್ತಿತ್ತು. ಕೆಲಗೇರಿಯ ಅವರ ಮನೆಯಲ್ಲಿ ಕ್ಯಾಲೆಂಡರು, ದೇವರ ಫೋಟೋ, ಸನ್ಮಾನದ ಫಲಕಗಳಿಲ್ಲದ ಗೋಡೆ ಇದ್ದದ್ದೇ ಒಂದು. ಆ ಗೋಡೆಯ ಆಚೆಗೆ ಅಡುಗೆಮನೆ. ನ್ಯೂಟನ್ನನ ಎರಡನೆಯ ನಿಯಮ ಅರ್ಧಕ್ಕೆ ಬರುವಷ್ಟರಲ್ಲಿ ಕುಕ್ಕರು ಮೂರು ಸೀಟಿ ಹೊಡೆಯುತ್ತಿತ್ತು. ಮಾಸ್ತರರು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

"ರಜನಿ, ನನ್ನ ಪಾಠ ಮುಗಿಯೂ ತನಕ ಸೀಟಿ ಹೊಡಸಬ್ಯಾಡ ನೋಡು."

"ಆ ಮಾತು ಬ್ಯಾಳಿಗೆ ಹೇಳ್ರಿ. ನಾ ಏನ ಬಾಯಾಗ ಹೊಡಿಯಾಕತ್ತೇನೇನು?"

ಬೇಳೆ ಮಾತು ಕೇಳಲಿಲ್ಲ. ಕುಕ್ಕರು ಸುಮ್ಮನಾದರೆ ಒಗ್ಗರಣೆ ಚಟಪಟ ಎನ್ನುತ್ತಿತ್ತು, ಒಗ್ಗರಣೆ ಮುಗಿದರೆ ಮಾಸ್ತರರ ತಾಯಿ ಈರವ್ವ ಕ್ಯಾಮೆರಾದ ಮುಂದೆಯೇ ಹಾದುಹೋಗಿ "ಯಾರ ಜೋಡಿ ಮಾತಾಡಾಕತ್ತೀಯೋ ಕುಮಾರ?" ಎಂದು ಕೇಳುತ್ತಿದ್ದಳು. ಹತ್ತು ಸಲ, ಹದಿನೈದು ಸಲ ತಪ್ಪಿ ತಪ್ಪಿ, ಗಂಟಲು ಒಣಗಿದ ಮೇಲೆ ಒಂದು ಪಾಠ ಸಿದ್ಧವಾಗುತ್ತಿತ್ತು. ಹೀಗೆ ಎರಡು ತಿಂಗಳಲ್ಲಿ ಹದಿಮೂರು ಪಾಠಗಳಾದವು. ಅತಿ ಹೆಚ್ಚು ಜನ ನೋಡಿದ್ದು ಮೊದಲನೆಯ ಪಾಠವನ್ನು, ಅರವತ್ತೊಂದು ಸಲ.

"ಅರವತ್ತೊಂದು ಮಂದಿ!" ಎಂದು ಮಾಸ್ತರರು ಹಿಗ್ಗಿದರು.

"ಅದರಾಗ ನೀವ ಎಷ್ಟ ಸಲ ನೋಡೀರಿ?" ಎಂದು ಕೇಳಿದಳು ರಜನಿ.

ಮಾಸ್ತರರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದರು.

ಸುದ್ದಿ ಶಾಲೆಗೆ ಮುಟ್ಟಿತು. ಹೆಡ್ಮಾಸ್ತರ ಮುರುಗೆಪ್ಪನವರಿಗೆ ಮೊಬೈಲೆಂದರೆ ಮೈಯೆಲ್ಲ ಉರಿ. ಕುಮಾರಸ್ವಾಮಿಯವರು ಧೈರ್ಯ ಮಾಡಿ ಅವರ ಕೋಣೆಗೆ ಹೋಗಿ, ಶಾಲೆಯಲ್ಲಿ ಒಂದು ಖಾಲಿ ಕೋಣೆ, ಒಂದು ಸ್ಮಾರ್ಟ್ ಬೋರ್ಡು ಕೊಡಿಸಿದರೆ ಪಾಠಗಳನ್ನು ಶಾಲೆಯ ಹೆಸರಿನಲ್ಲಿಯೇ ಮಾಡುವುದಾಗಿ ಹೇಳಿದರು.

"ಮಾಸ್ತರ, ಜಾಲತಾಣ ಅನ್ನೂ ಹೆಸರಿನ್ಯಾಗ ಜಾಲ ಐತಿ. ಜಾಲದಾಗ ಮೀನ ಬೀಳಬೇಕು, ಓದೂ ಮಕ್ಕಳು ಬೀಳಬಾರದು" ಎಂದರು ಮುರುಗೆಪ್ಪ.

"ಹಂಗಲ್ಲ ಸರ್. ಟ್ಯೂಷನ್ನಿಗೆ ಹೋಗಾಕ ಆಗದಂಥ ಹುಡುಗರು ಎಷ್ಟ ಮಂದಿ ಅದಾರ. ಮನ್ಯಾಗ ಕುಂತು ಪಾಠ ಕೇಳಬಹುದು. ತಿಳೀಲಿಲ್ಲಂದ್ರ ಹಿಂದಕ್ಕ ಸರಿಸಿ ಮತ್ತೊಮ್ಮೆ ಕೇಳಬಹುದು. ವರ್ಗದಾಗ ನನ್ನ ಹಿಂದಕ್ಕ ಸರಸಾಕ ಬರತೈತೇನ್ರಿ?"

"ಕೇಳಬಹುದು, ಖರೇ. ಕೇಳ್ಯಾರೇನು?"

ಮುರುಗೆಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಮುಂದಿನ ಮಾತು ಕಡೆಯ ಮಾತು.

"ಹಿಂಗ ಮಾಡ್ರಿ. ನಿಮ್ಮ ಈ ಮೊಬೈಲಿನ ದೆಸೆಯಿಂದ ಏನರೆ ಕಲತಂಥ ಹತ್ತು ಮಕ್ಕಳ ಹೆಸರು, ಅವರ ಮನಿ ಫೋನ್ ನಂಬರು ಬರಕೊಂಡು ಬರ್ರಿ. ಹತ್ತು ಸಾಕು. ಬರೂ ಸೋಮವಾರ ಆಡಳಿತ ಮಂಡಳಿ ಸಭಾ ಐತಿ. ಪಟ್ಟಿ ತಂದ್ರ ಬೋರ್ಡಿನ ಜವಾಬ್ದಾರಿ ನಂದು. ತರಲಿಲ್ಲಂದ್ರ ಆ ಮೂರ ಕಾಲಿನ ಸ್ಟ್ಯಾಂಡು ಅಟ್ಟಕ್ಕ ಹಾಕಿಬಿಡ್ರಿ."

ಇಷ್ಟು ದೊಡ್ಡ ಜಿಲ್ಲೆಯಲ್ಲಿ ಹತ್ತೇ ಹತ್ತು ಮಕ್ಕಳು. ಮಾಸ್ತರರು "ಆತ್ರಿ ಸರ್" ಎಂದು ಎದೆಯುಬ್ಬಿಸಿ ಹೊರಗೆ ಬಂದರು. ಸಂಜೆಯ ಹೊತ್ತಿಗೆ ಎದೆ ಮೊದಲಿನ ಅಳತೆಗೆ ಬಂತು. ತಮ್ಮ ವರ್ಗದ ಮಕ್ಕಳನ್ನೇ ಕೇಳಿನೋಡಿದರು. ಎಲ್ಲರೂ ನೋಡಿದ್ದೇವೆಂದು ಕೈಯೆತ್ತಿದರು. ಏನು ನೋಡಿದಿರೆಂದು ಕೇಳಿದ ಕೂಡಲೆ ಎತ್ತಿದ ಕೈಗಳೆಲ್ಲ ತಲೆ ಕೆರೆಯತೊಡಗಿದವು.

ಇಲ್ಲಿ ಧಾರವಾಡದ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನ ಕಥೆ ಸಾಗುವುದಿಲ್ಲ. ನಮ್ಮ ಕಡೆ ಮನೆಗೆ ಬಂದವರು ಹೊರಡಲು ಎದ್ದರೆ "ಊಟ ಮಾಡ್ಕೊಂಡು ಹೋಗ್ರಿ" ಎನ್ನಬೇಕು. ಒಲೆ ಹೊತ್ತಿರಬೇಕೆಂದೇನೂ ಇಲ್ಲ, ಹಿಟ್ಟಿನ ಡಬ್ಬಿ ಖಾಲಿ ಇದ್ದರೂ ನಡೆಯುತ್ತದೆ. ಬಂದವರು "ಬ್ಯಾಡ್ರಿ, ಈಗಷ್ಟ ಆತು" ಎನ್ನಬೇಕು. ಇವರು "ಒಂದರ್ಧ ರೊಟ್ಟಿ ತಿನ್ರಿ" ಎಂದು ಎಳೆಯಬೇಕು, ಅವರು "ಇನ್ನೊಮ್ಮೆ ಬರತೇನ್ರಿ" ಎಂದು ಜಾರಬೇಕು. ಮೂರು ಸಲ ಕರೆದು ಮೂರು ಸಲ ಬೇಡವೆಂದ ಮೇಲೆ ಇಬ್ಬರೂ ಸಮಾಧಾನದಿಂದ ಬೀಳ್ಕೊಳ್ಳಬೇಕು. ಕರೆದವರ ಮರ್ಯಾದೆಯೂ ಉಳಿಯಿತು, ಹಿಟ್ಟೂ ಉಳಿಯಿತು. ರಸ್ತೆಯಲ್ಲಿ ಸಿಕ್ಕವರನ್ನೂ ಹೀಗೆಯೇ ಕರೆಯಬೇಕು, ಕರೆಯುವಾಗ ಮನೆಯ ಗುರುತನ್ನೂ ಹೇಳಬೇಕು. ಗುರುತು ಹೇಳದೆ ಕರೆದರೆ ಅದು ಬಾಯುಪಚಾರವೆಂದು ಗೊತ್ತಾಗಿಬಿಡುತ್ತದೆ.

ಕುಮಾರಸ್ವಾಮಿ ಮಾಸ್ತರರು ಹುಟ್ಟಾ ಧಾರವಾಡದವರು. ಪಾಠ ಮುಗಿಸಿ, ನೋಡುತ್ತ ಕೂತವರನ್ನು ಒಣ ಬಾಯಲ್ಲಿ ಕಳಿಸುವುದು ಅವರಿಗೆ ಹೇಗೆ ಸಾಧ್ಯ? ಪ್ರತಿ ಪಾಠದ ಕೊನೆಗೂ ಕೈಮುಗಿದು, ಮುಖ ತುಂಬ ನಗುತ್ತ ಹೇಳುತ್ತಿದ್ದರು: "ಆತ್ರಿ, ಇಲ್ಲಿಗೆ ಪಾಠ ಮುಗೀತು. ಈ ಕಡೆ ಬಂದ್ರ ಮನಿಗೆ ಬರ್ರಿ. ಕೆಲಗೇರಿ ಕೆರಿ ದಾಟಿದ ಮ್ಯಾಲೆ ನೀರಿನ ಟಾಕಿ ಎದುರಿಗೆ, ಹಸರ ಗೇಟು. ರವಿವಾರ ಇದ್ದ ಇರತೇನಿ. ಊಟ ಮಾಡ್ಕೊಂಡು ಹೋಗೀರಂತ." ಎದುರಿಗೆ ನಿಂತವರಿಗೆ ಹೇಳಿದ್ದರೆ ಅವರು "ಬ್ಯಾಡ್ರಿ" ಎನ್ನುತ್ತಿದ್ದರು, ಕಥೆ ಮುಗಿಯುತ್ತಿತ್ತು. ಆದರೆ ಮೊಬೈಲಿನ ಎದುರು ಬೇಡವೆನ್ನಲು ಯಾರೂ ಇರಲಿಲ್ಲ. ಕರೆದ ಕರೆ ಹಾಗೆಯೇ ಉಳಿಯಿತು.

ಯಾವನೋ ಪುಣ್ಯಾತ್ಮ ಹದಿಮೂರನೆಯ ಪಾಠದ ಕಡೆಯ ಹನ್ನೆರಡು ಸೆಕೆಂಡನ್ನು ಮಾತ್ರ ಕತ್ತರಿಸಿದ. ಹಿಂದೆ ಶಹನಾಯಿ ಹಾಕಿದ, ಮೂಲೆಯಲ್ಲಿ ಎರಡು ಬಿಳಿ ರೊಟ್ಟಿ, ಒಂದು ಎಣ್ಣೆಗಾಯಿಯ ಚಿತ್ರ ಅಂಟಿಸಿದ. 'ಧಾರವಾಡದ ಮಾಸ್ತರ ಎಲ್ಲಾರಿಗೂ ಊಟಕ್ಕ ಕರದಾರ' ಎಂದು ಬರೆದು ಬಿಟ್ಟುಬಿಟ್ಟ. ಅದು ಗುರುವಾರ ಹೊರಟು ಶುಕ್ರವಾರದೊಳಗೆ ಬೈರಿದೇವರಕೊಪ್ಪದ ಬಡಾವಣೆಯ ಮೊಬೈಲ್ ಗುಂಪು ಹೊಕ್ಕು, ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಮಿಕರ ಗುಂಪು ದಾಟಿ, ಭಜನಾ ಮಂಡಳಿ, ಹಾಸ್ಟೆಲ್ಲು, ರಿಕ್ಷಾ ಸ್ಟ್ಯಾಂಡು ಎಲ್ಲ ಸುತ್ತಿ ಬಂತು.

ಮಾಸ್ತರರಿಗೆ ಇದಾವುದೂ ಗೊತ್ತಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಒಂದೇ: ಶನಿವಾರ ಸಂಜೆಗೆ 'ಕುಮಾರ ವಿಜ್ಞಾನ'ಕ್ಕೆ ಹೊಸದಾಗಿ ಒಂಬೈನೂರು ಜನ ಸೇರಿದ್ದರು.

"ನೋಡಿದಿ? ಒಂಬತ್ತುನೂರು. ಆಮ್ಲ ಪ್ರತ್ಯಾಮ್ಲದ ಪಾಠ ಮಂದಿಗೆ ಹಿಡಿಸೇತಿ. ನಾ ಹೇಳಿದ್ನಲ್ಲ, ವಿದ್ಯಾ ಎಂದೂ ಹಾಳಾಗೂದಿಲ್ಲ ಅಂತ."

"ಭಾಳ ಛಲೋ ಆತು. ನಾಳೆ ರವಿವಾರ ಬರೇ ಅವಲಕ್ಕಿ ಮಾಡತೇನಿ. ನಾ ತಲಿಗೆ ಎಣ್ಣಿ ಹಚಗೊಂಡು ನಿವಾಂತ ಕೂಡತೇನಿ" ಎಂದಳು ರಜನಿ.

ರವಿವಾರ ಬೆಳಿಗ್ಗೆ ಎಂಟಕ್ಕೆ ಹಸಿರು ಗೇಟು ಕಿರ್ರ್ ಎಂದಿತು. ರಜನಿ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಳು, ಮಾಸ್ತರರು ಲುಂಗಿಯಲ್ಲಿದ್ದರು. ಐದು ಜನ ಗಂಡಸರು, ಕೈಯಲ್ಲಿ ಟಿಫಿನ್ ಡಬ್ಬಿ, ಕಣ್ಣಲ್ಲಿ ರಾತ್ರಿಪಾಳಿಯ ನಿದ್ದೆ. ಮುಂದಿದ್ದವನು ಒಂದು ಡಜನ್ ಬಾಳೆಹಣ್ಣು ಹಿಡಿದು, ತಾನು ಬೇಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಶಿದ್ದಪ್ಪನೆಂದು ಹೇಳಿಕೊಂಡ.

"ನೀವ ಅಲ್ರಿ ಮೊಬೈಲಿನಾಗ ಬರೂ ಮಾಸ್ತರು?"

ಮಾಸ್ತರರಿಗೆ ಸ್ವರ್ಗ ಮೂರೇ ಗೇಣು. ದುಡಿಯುವ ಜನಕ್ಕೂ ವಿಜ್ಞಾನ ಮುಟ್ಟಿತಲ್ಲ! ಒಳಗೆ ಕರೆದು ಕೂರಿಸಿದರು, ನೀರು ಕೊಟ್ಟರು, ಐದು ನಿಮಿಷ ಕ್ಷೇಮಸಮಾಚಾರ ಮಾತಾಡಿದರು. ಆಮೇಲೆ ಪದ್ಧತಿಯ ಪ್ರಕಾರ, "ಊಟ ಮಾಡ್ಕೊಂಡ ಹೋಗ್ರಿ ಮತ್ತ" ಎಂದು ಹೇಳಿ, ಬೇಡವೆನ್ನುವುದನ್ನು ಕಾಯುತ್ತ ಎದ್ದು ನಿಂತರು.

"ಆತ್ರಿ" ಎಂದ ಶಿದ್ದಪ್ಪ. ಐದೂ ಜನ ಕಾಲು ಮಡಚಿ ಇನ್ನಷ್ಟು ಒಳಗೆ ಸರಿದು ಕೂತರು.

ಐವತ್ತೈದು ವರ್ಷದ ಬಾಳಿನಲ್ಲಿ ಈ ಪ್ರಶ್ನೆಗೆ ಮಾಸ್ತರರು ಈ ಉತ್ತರ ಕೇಳಿದ್ದು ಇದೇ ಮೊದಲು. ಅವರು ಮೆಲ್ಲಗೆ ಅಡುಗೆಮನೆಗೆ ಹೋದರು.

"ರಜನಿ, ಐದು ಮಂದಿ ಊಟಕ್ಕ ಕುಂತಾರ."

"ಯಾರು?"

"ಗೊತ್ತಿಲ್ಲ."

"ಗೊತ್ತಿಲ್ಲದವರು ನಮ್ಮ ಮನ್ಯಾಗ ಊಟಕ್ಕ ಯಾಕ ಕುಂತಾರ?"

"ನಾನ ಕರದೇನಂತ."

ರಜನಿ ಎಣ್ಣೆಗೈಯಲ್ಲೇ ಗಂಡನನ್ನು ನೋಡಿದಳು. ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಗೇಟು ಮತ್ತೆ ಕಿರ್ರ್ ಎಂದಿತು. ಹಾಸ್ಟೆಲ್ಲಿನ ಎಂಟು ಮಕ್ಕಳು, ಬಿಸ್ಕಿಟ್ ಪುಡಿಕೆಯೊಂದಿಗೆ. ಅವರ ಹಿಂದೆ ಬೈರಿದೇವರಕೊಪ್ಪದ ರಿಕ್ಷಾ ಚಾಲಕ ಕಮರುದ್ದೀನ, ಜೊತೆಗೆ ಹತ್ತನೆಯ ವರ್ಗದಲ್ಲಿ ಓದುವ ಮಗಳು ತಸ್ಲೀಮಾ, ಅವಳ ಇಬ್ಬರು ಗೆಳತಿಯರು. ಅವರ ಹಿಂದೆ ಭಜನಾ ಮಂಡಳಿಯ ಹನ್ನೊಂದು ಹೆಂಗಸರು, ಒಂದು ಕುಂಬಳಕಾಯಿ. ಊಟಕ್ಕೆ ಹೋಗುವಾಗ ಬರಿಗೈಯಲ್ಲಿ ಯಾರೂ ಹೋಗುವುದಿಲ್ಲವಷ್ಟೆ. ಹತ್ತು ಗಂಟೆಯ ಹೊತ್ತಿಗೆ ಮನೆಯಲ್ಲಿ ಒಂಬತ್ತು ಡಜನ್ ಬಾಳೆಹಣ್ಣಿದ್ದವು, ಜೋಳದ ಹಿಟ್ಟು ಮಾತ್ರ ಎರಡೇ ಸೇರು.

ಈರವ್ವ ಬಾಗಿಲಲ್ಲಿ ಕೂತು ಚಪ್ಪಲಿ ಎಣಿಸುತ್ತಿದ್ದಳು. "ಮೂವತ್ತೆಂಟು ಜೋಡಿ ಆದುವು. ಇನ್ನೂ ಬರಾಕತ್ತಾರ" ಎಂದು ಒಳಗೆ ವರದಿ ಕಳಿಸಿದಳು.

ಅಡುಗೆಮನೆಯ ಬಾಗಿಲು ಮುಂದಕ್ಕೆ ತಳ್ಳಿ ರಜನಿ ಗಂಡನನ್ನು ಹಿಡಿದು ನಿಲ್ಲಿಸಿದಳು. ತಸ್ಲೀಮಾ ಆಗಷ್ಟೇ ಆ ಶಹನಾಯಿಯ ತುಣುಕನ್ನು ಅವಳಿಗೆ ತೋರಿಸಿದ್ದಳು.

"ಹೊರಗ ಹೋಗಿ ಖರೇ ಹೇಳ್ರಿ. ಅದು ಮಾತಿಗೆ ಅಂದಿದ್ದು, ತಪ್ಪ ತಿಳಕೊಂಡೀರಿ ಅಂತ."

ಮಾಸ್ತರರು ಹೋಗಲೆಂದು ಬಾಗಿಲು ತೆರೆದರು. ಆದರೆ ಪಡಸಾಲೆಯಲ್ಲಿ ಸಾಲಾಗಿ ಕೂತ ಮಕ್ಕಳು ಕಂಡರು. ಎಂಟು ಮತ್ತು ಮೂರು, ಹನ್ನೊಂದು. ಬೇಕಾದದ್ದು ಹತ್ತು. ನಾಳೆ ಸೋಮವಾರ.

"ರಜನಿ, ಇವತ್ತೊಂದ ದಿನ ನನ್ನ ಮಾತು ನಡಸು. ಈ ಮಕ್ಕಳು ನನ್ನ ಪಾಠ ನೋಡಿ ಬಂದಾರ. ಹತ್ತು ಹೆಸರು ಬೇಕು ನನಗ. ಬೋರ್ಡು ಹೋದ್ರ ಹೋಗಲಿ, ಆ ಮುರುಗೆಪ್ಪಗ ಇಪ್ಪತ್ತೇಳು ವರ್ಷ ನಾ ಗ್ವಾಡಿಗೆ ಪಾಠ ಹೇಳಿಲ್ಲ ಅಂತ ತೋರಿಸಬೇಕು."

ರಜನಿ ಇನ್ನೇನೋ ಬೈಯಬೇಕೆಂದಿದ್ದವಳು ಹಿಟ್ಟಿನ ಡಬ್ಬಿ ತೆರೆದು ನೋಡಿದಳು. ಅಷ್ಟರಲ್ಲಿ ಈರವ್ವನೂ ಬಂದು, "ಉಣ್ಣಾಕ ಅಂತ ಬಂದವರನ್ನ ಎಬ್ಬಿಸಿದ್ರ ನಾ ಇವತ್ತ ಬಾಯಾಗ ನೀರ ಹಾಕೂದಿಲ್ಲ ನೋಡವಾ" ಎಂದುಬಿಟ್ಟಳು. ರಜನಿ ಎಣ್ಣೆಯ ತಲೆಯನ್ನು ಗಂಟು ಹಾಕಿ, ಸೆರಗು ಸಿಗಿಸಿದಳು. ರೊಟ್ಟಿ ಬಡಿದು ಮಾರುವ ಕಸ್ತೂರೆವ್ವನಿಗೆ ಫೋನ್ ಮಾಡಿ ಒಣಗಿಸಿಟ್ಟ ಕಟಕ ರೊಟ್ಟಿ ಎಷ್ಟಿವೆಯೋ ಅಷ್ಟೂ ಬೇಕೆಂದಳು. ಕಮರುದ್ದೀನ ತನ್ನ ರಿಕ್ಷಾದಲ್ಲೇ ಹೋಗಿ ತರುತ್ತೇನೆಂದು ಎದ್ದ. ಶಿದ್ದಪ್ಪ ಮತ್ತು ಅವನ ನಾಲ್ವರು ಜೊತೆಗಾರರು ಉಳ್ಳಾಗಡ್ಡಿ ಹೆಚ್ಚಲು ಕೂತರು, ಭಜನಾ ಮಂಡಳಿ ಕುಂಬಳಕಾಯಿಯನ್ನು ಸುತ್ತುವರಿಯಿತು. ದೊಡ್ಡ ಪಾತ್ರೆಯಲ್ಲಿ ರಜನಿ ಕಡಲೆಹಿಟ್ಟಿನ ಝುಣಕಕ್ಕೆ ಅರಿಶಿಣ ಸುರಿದಳು.

ಇತ್ತ ಮಾಸ್ತರರು ನೋಟುಬುಕ್ಕು, ಪೆನ್ನು ಹಿಡಿದು ಪಡಸಾಲೆಗಿಳಿದರು. ಮೊದಲು ಹಾಸ್ಟೆಲ್ಲಿನ ಹುಡುಗರು.

"ಹೇಳ್ರಿ ನೋಡೂಣು, ಯಾವ ಪಾಠ ನೋಡಿ ಬಂದೀರಿ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಒಬ್ಬ ಎದ್ದುನಿಂತು, "ಊಟದ್ದು ಸರ್" ಎಂದ.

"ಅದಲ್ಲೋ. ಅದರ ಹಿಂದಿಂದು."

"ಅದರ ಹಿಂದ ಶಹನಾಯಿ ಇತ್ತರಿ."

ಭಜನಾ ಮಂಡಳಿಯವರು ತಾವು ನೋಡಿದ್ದು ಮಾಸ್ತರರ ನಗುಮುಖವೊಂದನ್ನೇ ಎಂದರು. ಅಷ್ಟು ಚಂದಗೆ ಕೈಮುಗಿದು ಕರೆದವರ ಮನೆಗೆ ಹೋಗದಿದ್ದರೆ ತಪ್ಪಾಗುತ್ತದೆಂದು ಬಂದರಂತೆ. ಉಳ್ಳಾಗಡ್ಡಿಯ ಕಣ್ಣೀರು ಒರೆಸಿಕೊಳ್ಳುತ್ತ ಶಿದ್ದಪ್ಪ ಬಹಳ ಮರ್ಯಾದೆಯಿಂದ ಕೇಳಿದ: "ನೀವು ಪಾಠನೂ ಮಾಡತೀರೇನ್ರಿ?"

ಮಾಸ್ತರರಿಗೆ ಅದು ನಿಜವಾಗಿಯೂ ನಾಟಿತು. ನಗುವಂಥ ಮಾತೇ, ಸುತ್ತಲಿನವರು ನಕ್ಕರೂ ನಕ್ಕರು. ಅವರು ಮಾತ್ರ ನೋಟುಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಹದಿಮೂರು ಪಾಠ. ಒಂದೊಂದಕ್ಕೂ ಹದಿನೈದು ಸಲ ಗಂಟಲು ಹರಿದುಕೊಂಡದ್ದು. ಜಗತ್ತು ಅದರಲ್ಲಿ ಹನ್ನೆರಡೇ ಸೆಕೆಂಡು ಇಟ್ಟುಕೊಂಡು ಉಳಿದದ್ದನ್ನೆಲ್ಲ ಎಸೆದಿತ್ತು.

"ಅಲ್ಲೆ ಏನ ಕುಂತೀರಿ? ಕರದವರು ನೀವು, ಬಡಸವರು ಯಾರು?" ಎಂದು ರಜನಿ ಕೂಗಿದಳು. ಅವರು ಎದ್ದು ರೊಟ್ಟಿಯ ಬುಟ್ಟಿ ಹಿಡಿದರು.

ಮೊದಲ ಪಂಕ್ತಿಯಲ್ಲಿ ಮಕ್ಕಳನ್ನು ಕೂರಿಸಲಾಯಿತು. ಬಡಿಸುವುದು ಶುರುವಾಗಿ ಹತ್ತು ನಿಮಿಷವಾಗಿರಬಹುದು, ತಸ್ಲೀಮಾಳ ಬಿಳಿ ಓಢಣಿಯ ಮೇಲೆ ಒಂದು ಹಿಡಿ ಝುಣಕ ಬಿತ್ತು. ಹಬ್ಬಕ್ಕೆ ಹೊಲಿಸಿದ ಓಢಣಿ. ಅವಳು ಹಿತ್ತಲಿಗೆ ಓಡಿ, ತೊಟ್ಟಿಯ ಹತ್ತಿರ ಸಬಕಾರ ಹಚ್ಚಿ ತಿಕ್ಕಿದಳು. ಹಳದಿ ಕಲೆ ಒಮ್ಮೆಲೆ ಕೆಂಪಾಗಿ ರಕ್ತದ ಬಣ್ಣಕ್ಕೆ ತಿರುಗಿತು. ಹುಡುಗಿ ಅಳುವುದೊಂದು ಬಾಕಿ.

ರಜನಿ ಸೌಟು ಬಿಟ್ಟು ಬಂದಳು. "ಅಂಜಬ್ಯಾಡ, ಓಢಣಿ ಕೆಟ್ಟಿಲ್ಲ" ಎಂದು ಅರ್ಧ ನಿಂಬೆಹಣ್ಣನ್ನು ಕಲೆಯ ಮೇಲೆ ಹಿಂಡಿದಳು. ಕೆಂಪು ಹೋಗಿ ಮತ್ತೆ ಹಳದಿಯಾಯಿತು. ಇನ್ನೊಮ್ಮೆ ಸಬಕಾರ ಹಚ್ಚಿದಳು, ಕೆಂಪಾಯಿತು. ನಿಂಬೆ ಹಿಂಡಿದಳು, ಹಳದಿಯಾಯಿತು. ಊಟ ಬಿಟ್ಟು ಎದ್ದ ಉಳಿದ ಹತ್ತು ಮಕ್ಕಳೂ ಎಂಜಲುಗೈಯಲ್ಲೇ ತೊಟ್ಟಿಯ ಸುತ್ತ ಮುತ್ತಿಕೊಂಡರು.

"ಹೆಂಗ ಆತು ಅಕ್ಕೋರ, ಮತ್ತ ಮಾಡ್ರಿ" ಎಂದಿತು ಒಂದು ಧ್ವನಿ.

ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಮಾಸ್ತರರ ಮೈಯಲ್ಲಿ ಮಿಂಚು ಹರಿಯಿತು. ಇದು ಅವರದೇ ಹದಿಮೂರನೆಯ ಪಾಠ, ಆಮ್ಲ ಪ್ರತ್ಯಾಮ್ಲ! ಅವರು ಮಕ್ಕಳ ಹಿಂದೆ ನಿಂತು, ಗಂಟಲು ಸರಿಮಾಡಿಕೊಂಡು, ಪಠ್ಯಪುಸ್ತಕದ ಭಾಷೆಯಲ್ಲಿ ಶುರುಮಾಡಿದರು: "ಜಲೀಯ ದ್ರಾವಣದಲ್ಲಿ ಹೈಡ್ರಾಕ್ಸೈಡ್ ಅಯಾನುಗಳನ್ನು ಬಿಡುಗಡೆ ಮಾಡುವ ಸಂಯುಕ್ತಗಳಿಗೆ..." ಇತ್ತ ತೊಟ್ಟಿಯ ಬಳಿ ರಜನಿ ಮೆಲ್ಲಗೆ ಏನೋ ಹೇಳುತ್ತ ನಿಂಬೆ ಹಿಂಡುತ್ತಿದ್ದಳು, ಮಕ್ಕಳು ತಲೆ ಬಗ್ಗಿಸಿ ನೋಡುತ್ತಿದ್ದರು. ಮಾಸ್ತರರ ಕಡೆಗೆ ಇದ್ದದ್ದು ಹನ್ನೊಂದು ಬೆನ್ನುಗಳು. ಇಷ್ಟು ತದೇಕಚಿತ್ತರಾಗಿ ಯಾವ ವರ್ಗವೂ ತಮ್ಮ ಪಾಠ ಕೇಳಿರಲಿಲ್ಲವೆಂದು ಅವರ ಕಣ್ಣಲ್ಲಿ ನೀರಾಡಿತು. ಆ ಸಂತೋಷದಲ್ಲಿ, ತಿರುಗಿ ಬಂದು ಪಂಕ್ತಿಯಲ್ಲಿ ಕೂತ ಪ್ರತಿ ಮಗುವಿನ ತಾಟಿಗೂ ಬೇಡವೆಂದರೂ ಕೇಳದೆ ಎರಡೆರಡು ರೊಟ್ಟಿ ಹಾಕಿದರು.

"ತಿಳೀತ?"

"ಹೂಂ ರಿ ಸರ್."

ಹನ್ನೊಂದರಲ್ಲಿ ಹತ್ತು ಮಕ್ಕಳ ಹೆಸರು, ಫೋನ್ ನಂಬರು ನೋಟುಬುಕ್ಕಿಗೇರಿದವು. ಮೊದಲ ಹೆಸರು ತಸ್ಲೀಮಾಳದು. ಮೂರು ಗಂಟೆಯವರೆಗೆ ಪಂಕ್ತಿಯ ಮೇಲೆ ಪಂಕ್ತಿ ನಡೆಯಿತು. ಹೋಗುವಾಗ ಎಲ್ಲರ ಕೈಯಲ್ಲೂ ಈರವ್ವ ಅವರವರದೇ ಬಾಳೆಹಣ್ಣನ್ನು ಅದಲುಬದಲು ಮಾಡಿ ಕೊಟ್ಟು ಕಳಿಸಿದಳು.

ಮನೆ ಖಾಲಿಯಾದ ಮೇಲೆ ರಜನಿ ಗೋಡೆಗೊರಗಿ ಕಾಲು ಚಾಚಿದಳು. ಮಾಸ್ತರರು ಪಟ್ಟಿಯನ್ನು ಎರಡನೆಯ ಸಲ ಓದುತ್ತ ಕೇಳಿದರು: "ಅಲ್ಲ, ನಿಂಬೆಹಣ್ಣ ಹಿಂಡಬೇಕು ಅಂತ ನಿನಗ ಹೆಂಗ ಹೊಳೀತು?"

"ಆ ಪಾಠ ನೀವು ಹದಿನೇಳ ಸಲ ಮಾಡೀರಿ. ನಾ ಗ್ವಾಡಿ ಆಚೆ ಅಡಗಿ ಮಾಡತಿದ್ದೆ. ಎರಡೂ ಕೈಲೆ ಕಿವಿ ಮುಚಗೊಂಡು ರೊಟ್ಟಿ ಬಡಿಯಾಕ ಬರತೈತೇನು?"

ಮಾಸ್ತರರು ನಕ್ಕರು. ಆ ಮಾತಿನಲ್ಲಿ ಯೋಚಿಸತಕ್ಕದ್ದೇನಾದರೂ ಇದ್ದೀತೆಂದು ಅವರಿಗೆ ಅನ್ನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಸಭೆಗೆ ಮುಂಚೆ ಪಟ್ಟಿ ಮುರುಗೆಪ್ಪನವರ ಮೇಜಿನ ಮೇಲೆ ಬಿತ್ತು.

"ಇವರೆಲ್ಲ ನಿಮ್ಮ ವಿಡಿಯೋ ನೋಡಿ ಕಲತವರು?"

"ವಿಡಿಯೋದ ದೆಸೆಯಿಂದ ಕಲತವರು ಸರ್, ನಿನ್ನೆ ನಮ್ಮ ಮನಿಗೇ ಬಂದು" ಎಂದರು ಮಾಸ್ತರರು, ರಾತ್ರಿಯೇ ತೂಗಿ ಇಟ್ಟುಕೊಂಡ ಮಾತನ್ನು.

ಮುರುಗೆಪ್ಪನವರು ಮೊದಲ ನಂಬರಿಗೇ ಫೋನ್ ಹಚ್ಚಿದರು. ಇಬ್ಬರಿಗೂ ಕೇಳಲೆಂದು ಸ್ಪೀಕರನ್ನೂ ಹಾಕಿದರು. ಎತ್ತಿದವನು ಕಮರುದ್ದೀನ. ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದನಂತೆ. ರಿಕ್ಷಾ ನಿಲ್ಲಿಸಿ ಫೋನನ್ನು ಹಿಂದಿನ ಸೀಟಿಗೆ ಕೊಟ್ಟ.

"ತಂಗಿ, ನಿನ್ನೆ ಕುಮಾರಸ್ವಾಮಿ ಮಾಸ್ತರ ಮನ್ಯಾಗ ಏನರೆ ಕಲತ್ಯೇನು?"

"ಹೌದ್ರಿ. ಅರಿಶಿಣ ಅನ್ನೂದು ಸೂಚಕ ಐತ್ರಿ. ಪ್ರತ್ಯಾಮ್ಲ ಹತ್ತಿದ್ರ ಕೆಂಪಗ ಆಗತೈತಿ, ಆಮ್ಲ ಹತ್ತಿದ್ರ ಮತ್ತ ಹಳದಿ ಆಗತೈತಿ. ಸಬಕಾರ ಪ್ರತ್ಯಾಮ್ಲ, ನಿಂಬೆಹಣ್ಣು ಆಮ್ಲರಿ."

ಮುರುಗೆಪ್ಪನವರ ಹುಬ್ಬು ಮೇಲಕ್ಕೇರಿತು. ಮಾಸ್ತರರು ಮನಸ್ಸಿನಲ್ಲೇ ಸ್ಮಾರ್ಟ್ ಬೋರ್ಡನ್ನು ಯಾವ ಗೋಡೆಗೆ ಹೊಡೆಸುವುದೆಂದು ನೋಡತೊಡಗಿದರು.

"ಭಾಳ ಛಲೋ ಹೇಳಿದಿ. ಇದನ್ನ ಯಾರು ಹೇಳಿಕೊಟ್ರು?"

"ಅಕ್ಕೋರು ರಿ."

"ಯಾವ ಅಕ್ಕೋರು?"

"ಆ ಮನ್ಯಾಗಿನ ಅಕ್ಕೋರು. ಝುಣಕ ಮಾಡಿದ್ರಲ್ರಿ, ಅವರ. ಎಲ್ಲಾರಿಗೂ ತಿಳಿಯೂ ಹಂಗ ನಾಕ ಸಲ ಮಾಡಿ ತೋರಿಸಿದ್ರು."

"ಮತ್ತ ಸರ್?"

ಹುಡುಗಿ ಪ್ರಾಮಾಣಿಕವಾಗಿ ನೆನಪಿಸಿಕೊಳ್ಳುತ್ತಿದ್ದಳು.

"ಸರ್ ಭಾಳ ಛಲೋ ಅದಾರ್ರಿ. ಸಾಕು ಅಂದ್ರೂ ಕೇಳದ ಎರಡು ರೊಟ್ಟಿ ಹಾಕಿದ್ರು."

ಮುರುಗೆಪ್ಪನವರು ಫೋನ್ ಇಟ್ಟರು. ಉಳಿದ ಒಂಬತ್ತು ನಂಬರುಗಳಿಗೆ ಹಚ್ಚಲಿಲ್ಲ. ಹಚ್ಚಿರೆಂದು ಮಾಸ್ತರರೂ ಹೇಳಲಿಲ್ಲ. ಗೋಡೆಯ ಆಚೆ ಕೂತು ಹದಿನೇಳು ಸಲ ಪಾಠ ಕೇಳಿದ ಒಬ್ಬಳೇ ಒಬ್ಬ ವಿದ್ಯಾರ್ಥಿನಿಯ ಮುಖ ಆಗ ಅವರ ಕಣ್ಣ ಮುಂದೆ ಬಂತು. ಹೇಳಿದ್ದು ಒಂದು ತಲೆಯೊಳಗಂತೂ ಇಳಿದಿತ್ತು. ಆ ತಲೆಯ ಹೆಸರು ಪಟ್ಟಿಯಲ್ಲೇ ಇರಲಿಲ್ಲ.

"ಮಕ್ಕಳು ಕಲತದ್ದು ಖರೇ ಐತಿ ಮಾಸ್ತರ. ನಾ ಕೊಟ್ಟ ಮಾತು ತಪ್ಪೂದಿಲ್ಲ, ಬೋರ್ಡು ಮಂಜೂರ ಮಾಡಸತೇನಿ" ಎಂದರು ಮುರುಗೆಪ್ಪ.

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು.

"ಶನಿವಾರಕ್ಕೊಮ್ಮೆ ನಿಮ್ಮ ಮನಿಯವರನ್ನ ಕರಕೊಂಡು ಬರ್ರಿ. ಅವರು ಅದರ ಮುಂದ ನಿಂತು ಪಾಠ ಮಾಡ್ಲಿ."

"ಆತ್ರಿ. ಮತ್ತ ನಾನು, ಸರ್?"

ಮುರುಗೆಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಜ್ಞಾಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು.

"ನಮ್ಮ ಸಾಲಿ ಬಿಸಿಊಟದ ಉಸ್ತುವಾರಿಗೆ ಎರಡ ವರ್ಷದಿಂದ ಯಾರೂ ಒಪ್ಪವಲ್ರು. ನಾಳೆಯಿಂದ ಅದು ನಿಮ್ಮದು. ಆ ಹುಡುಗಿ ಸರ್ಟಿಫಿಕೇಟ್ ಕೊಟ್ಟಾಳ, ಇನ್ನ ನಾ ಏನ ವಿಚಾರ ಮಾಡೂದು?"